ಕ್ರೀಡಾ ಕಾರ್ಡುಗಳ ಹಿಂಬದಿಯ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೀಡಾಪಟುಗಳ ಚಿತ್ರವಿರುವ ಸಂಗ್ರಹ ಕಾರ್ಡುಗಳ ಬಗ್ಗೆ ನಮ್ಮಲ್ಲಿ ಬರುವ ಸುದ್ದಿಗಳೆಲ್ಲ ಹೆಚ್ಚಾಗಿ ಹರಾಜಿನ ಬೆಲೆಯ ಸುದ್ದಿಗಳೇ. ಆದರೆ ಕಾರ್ಡನ್ನು ತಿರುಗಿಸಿ, ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಓದಿದವರಿಗೆ ಒಂದು ದೇಶದ, ಒಂದು ಕಾಲದ ಬದುಕು ಅಲ್ಲಿ ಕಾಣಿಸುತ್ತದೆ. ಈ ಹವ್ಯಾಸ ಅತ್ಯಂತ ಆಳವಾಗಿ ಬೇರೂರಿರುವುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ಆದ್ದರಿಂದ ಇಲ್ಲಿನ ಉತ್ತರಗಳು ಬಹುಪಾಲು ಆ ಕಾರ್ಡುಗಳನ್ನು ಕುರಿತೇ ಇವೆ. ಇಂಗ್ಲೆಂಡಿನ ಸಿಗರೇಟು ಕಾರ್ಡುಗಳ ಮತ್ತು ನಮ್ಮ ಟ್ರಂಪ್ ಕಾರ್ಡುಗಳ ಪ್ರಸ್ತಾಪವೂ ಸಂದರ್ಭಕ್ಕೆ ತಕ್ಕಂತೆ ಬರುತ್ತದೆ.

ಇಷ್ಟು ಚಿಕ್ಕ ಕಾರ್ಡಿನಲ್ಲಿ ಕಥೆ ಎಲ್ಲಿರುತ್ತದೆ?

ಇಂದಿನ ಸಾಮಾನ್ಯ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅಮೆರಿಕದ ಕಾರ್ಡು ತಯಾರಕ ಟಾಪ್ಸ್ ಕಂಪನಿ 1957ರಲ್ಲಿ ಈ ಅಳತೆಗೆ ಬಂದ ಮೇಲೆ ಉಳಿದವರೂ ಅದನ್ನೇ ಅನುಸರಿಸಿದರು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹೆಸರು ಮತ್ತು ತಂಡ ಇರುತ್ತವೆ. ಹಿಂಬದಿಯಲ್ಲಿ ಕಾರ್ಡಿನ ಸಂಖ್ಯೆ, ಆಟಗಾರನ ಎತ್ತರ, ತೂಕ, ಹುಟ್ಟಿದ ಊರು, ಎಡಗೈಯೋ ಬಲಗೈಯೋ ಎಂಬ ವಿವರ, ವರ್ಷವಾರು ಅಂಕಿಅಂಶಗಳ ಪಟ್ಟಿ ಮತ್ತು ಜಾಗ ಉಳಿದರೆ ನಾಲ್ಕಾರು ಸಾಲುಗಳ ಪರಿಚಯ ಇರುತ್ತವೆ. 1950ರ ದಶಕದಿಂದ ಮುಂದೆ ಅನೇಕ ಸರಣಿಗಳಲ್ಲಿ ಪುಟ್ಟ ವ್ಯಂಗ್ಯಚಿತ್ರಗಳೂ ಸೇರಿಕೊಂಡವು. ಟಾಪ್ಸ್‌ನ 1956ರ ಸರಣಿಯಲ್ಲಂತೂ ಒಂದೊಂದು ಕಾರ್ಡಿನ ಹಿಂದೆಯೂ ಮೂರು ಚೌಕಟ್ಟುಗಳ ಚಿತ್ರಕಥೆಯಿದೆ.

ಆ ಸಾಲುಗಳು ಹೇಳುವುದು ಕಥೆಯ ಒಂದು ಭಾಗ. ಚಿತ್ರದ ಹಿನ್ನೆಲೆ, ಹೆಸರನ್ನು ಬರೆದ ರೀತಿ, ಅಂಕಿಗಳು ಥಟ್ಟನೆ ನಿಂತುಹೋಗುವ ವರ್ಷ, ಸರಣಿಯಲ್ಲಿ ಯಾರ ಕಾರ್ಡು ಇಲ್ಲವೇ ಇಲ್ಲ ಎಂಬ ಸಂಗತಿ, ಇವೂ ಓದಬೇಕಾದವುಗಳೇ.

ಇಂಥ ಕಾರ್ಡುಗಳು ಶುರುವಾದದ್ದು ಹೇಗೆ?

ಶುರುವಾದದ್ದು ತಂಬಾಕಿನ ವ್ಯಾಪಾರದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳನ್ನು ತೆಳುವಾದ ಕಾಗದದ ಪೊಟ್ಟಣಗಳಲ್ಲಿ ಮಾರುತ್ತಿದ್ದರು. ಸಿಗರೇಟು ಮುರಿಯದಿರಲೆಂದು ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಹೇಗೂ ಇಡುವ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಅದೇ ಬ್ರ್ಯಾಂಡನ್ನು ಕೊಳ್ಳುತ್ತಾನೆ ಎಂಬ ಲೆಕ್ಕಾಚಾರದಿಂದ ಸರಣಿಗಳು ಹುಟ್ಟಿಕೊಂಡವು. ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನ ಆಲನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ ತಂದ 50 ಕಾರ್ಡುಗಳ ಸರಣಿಯಲ್ಲಿ ಹತ್ತು ಮಂದಿ ಬೇಸ್‌ಬಾಲ್ ಆಟಗಾರರ ಜೊತೆಗೆ ಮುಷ್ಟಿ ಕಾಳಗದವರು, ಕುಸ್ತಿಪಟುಗಳು, ದೋಣಿ ಹುಟ್ಟುಹಾಕುವವರು, ಗುರಿಕಾರ್ತಿ ಆನಿ ಓಕ್ಲಿ ಕೂಡ ಇದ್ದರು.

ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ನಗರದ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸರಣಿಯನ್ನು ಹೊರತಂದಿತು. ಮುಂದೆ ನಾಟಿಂಗಮ್‌ನ ಜಾನ್ ಪ್ಲೇಯರ್ ಕಂಪನಿ 1930, 1934 ಮತ್ತು 1938ರಲ್ಲಿ ಕ್ರಿಕೆಟಿಗರ ಸರಣಿಗಳನ್ನು ಪ್ರಕಟಿಸಿತು. ಕಾರ್ಡುಗಳನ್ನು ಅಂಟಿಸಲು ಒಂದು ಪೆನ್ನಿಗೆ ಆಲ್ಬಮ್ ಸಿಗುತ್ತಿತ್ತು. ಅಂಟಿಸಿದರೆ ಹಿಂಬದಿಯ ಬರಹ ಮುಚ್ಚಿಹೋಗುತ್ತದೆಂದು ಅದೇ ಬರಹವನ್ನು ಆಲ್ಬಮ್ಮಿನ ಪುಟದಲ್ಲಿ ಕಾರ್ಡಿನ ಜಾಗದ ಪಕ್ಕದಲ್ಲೇ ಮುದ್ರಿಸಿರುತ್ತಿದ್ದರು. ಓದುವವರಿದ್ದಾರೆ ಎಂಬುದು ಆ ತಂಬಾಕು ಕಂಪನಿಗೂ ಗೊತ್ತಿತ್ತು. ಎರಡನೆಯ ಮಹಾಯುದ್ಧದ ಕಾಗದದ ಅಭಾವದಿಂದ ಬ್ರಿಟನ್ನಿನಲ್ಲಿ 1940ರಲ್ಲಿ ಈ ಕಾರ್ಡುಗಳು ನಿಂತುಹೋದವು.

ಹಿಂಬದಿಯಲ್ಲಿ ಆಟಗಾರನ ಪರಿಚಯ ಬರೆಯಲಾರಂಭಿಸಿದ್ದು ಯಾವಾಗ?

ಅಮೆರಿಕದಲ್ಲಿ 1909ರಿಂದ 1911ರವರೆಗೆ ಬಂದ, ಇಂದು ಟಿ-206 ಎಂದು ಕರೆಯಲಾಗುವ ಪ್ರಸಿದ್ಧ ಸರಣಿಯ ಹಿಂಬದಿಯಲ್ಲಿ ಸಿಗರೇಟಿನ ಜಾಹೀರಾತನ್ನು ಬಿಟ್ಟರೆ ಏನೂ ಇಲ್ಲ. ಅದರ ಬೆನ್ನಿಗೇ 1911ರಲ್ಲಿ ಬಂದ, ಬಂಗಾರದ ಬಣ್ಣದ ಅಂಚಿರುವ ಟಿ-205 ಸರಣಿಯಲ್ಲಿ ಆಟಗಾರನ ಕಿರುಪರಿಚಯವನ್ನೂ ಅಂಕಿಅಂಶಗಳನ್ನೂ ಕೊಡಲಾಯಿತು. ನನ್ನ ದೃಷ್ಟಿಯಲ್ಲಿ ಬೇಸ್‌ಬಾಲ್ ಕಾರ್ಡು ಓದುವ ವಸ್ತುವಾದದ್ದು ಅಂದಿನಿಂದ.

ಈ ಬರಹಕ್ಕೆ ಒಂದು ದನಿ ಬಂದದ್ದು ಬಬಲ್ ಗಮ್ ಕಂಪನಿಗಳ ಕಾಲದಲ್ಲಿ. ಬಾಸ್ಟನ್ನಿನ ಗೌಡಿ ಗಮ್ ಕಂಪನಿಯ 1934ರ ಸರಣಿಯ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ: ಆಟಗಾರನ ಬಣ್ಣದ ಚಿತ್ರದ ಕೆಳಗೆ ನೀಲಿ ಪಟ್ಟಿ, ಆ ಪಟ್ಟಿಯಲ್ಲಿ ಲೂ ಗೆಹ್ರಿಗ್ ಅವರ ಪುಟ್ಟ ಮುಖ, ಪಕ್ಕದಲ್ಲಿ ‘ಲೂ ಗೆಹ್ರಿಗ್ ಹೇಳುತ್ತಾರೆ’ ಎಂಬ ಮಾತು. ಹಿಂಬದಿಯ ಪರಿಚಯ ಗೆಹ್ರಿಗ್ ಅವರೇ ತಮ್ಮ ಜೊತೆ ಆಟಗಾರನ ಬಗ್ಗೆ ಹೇಳುತ್ತಿರುವ ರೀತಿಯಲ್ಲಿದೆ. ಕೆಲವು ಕಾರ್ಡುಗಳಲ್ಲಿ ಅವರ ಬದಲಿಗೆ ಇನ್ನೊಬ್ಬ ಆಟಗಾರ ಚಕ್ ಕ್ಲೈನ್ ಹೇಳುತ್ತಾರೆ. ಒಂದು ಪೆನ್ನಿ ಕೊಟ್ಟು ಗಮ್ ಕೊಂಡ ಹುಡುಗನಿಗೆ ನ್ಯೂಯಾರ್ಕ್ ಯಾಂಕೀಸ್ ತಂಡದ ದೊಡ್ಡ ಆಟಗಾರನೊಬ್ಬ ತನ್ನೊಂದಿಗೇ ಮಾತಾಡುತ್ತಿರುವಂತೆ ಅನ್ನಿಸುತ್ತಿತ್ತು. ಸತತ 2,130 ಪಂದ್ಯಗಳನ್ನಾಡಿದ ಗೆಹ್ರಿಗ್ ನರಗಳ ಗುಣವಾಗದ ಕಾಯಿಲೆಗೆ ತುತ್ತಾಗಿ 1939ರಲ್ಲಿ ಆಟ ಬಿಟ್ಟರು, 1941ರಲ್ಲಿ ತೀರಿಕೊಂಡರು. ಇದನ್ನು ತಿಳಿದು ಆ ಕಾರ್ಡುಗಳನ್ನು ಓದುವಾಗ, ಪರರ ಗುಣಗಾನದಲ್ಲೇ ತೊಡಗಿರುವ ಆ ಮುಖ ಮನಸ್ಸಿಗೆ ತಟ್ಟದೆ ಇರುವುದಿಲ್ಲ.

ಟಾಪ್ಸ್‌ನ 1952ರ ಸರಣಿಗೆ ಅಷ್ಟು ಮಹತ್ವ ಏಕೆ?

ಇಂದಿನ ಕಾರ್ಡಿನ ರೂಪವನ್ನು ಗಟ್ಟಿಮಾಡಿದ್ದು ಆ ಸರಣಿ. ಬ್ರೂಕ್ಲಿನ್‌ನ ಟಾಪ್ಸ್ ಕಂಪನಿಯ ಉದ್ಯೋಗಿ ಸೈ ಬರ್ಜರ್ ಅವರು ವುಡಿ ಗೆಲ್ಮನ್ ಅವರೊಂದಿಗೆ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಅದನ್ನು ವಿನ್ಯಾಸ ಮಾಡಿದರು. ಮುಂದೆ ತಂಡದ ಲಾಂಛನ ಮತ್ತು ಹಸ್ತಾಕ್ಷರದ ನಕಲು, ಹಿಂದೆ ಜೀವನ ಪರಿಚಯ, ಕಳೆದ ವರ್ಷದ ಸಾಧನೆ, ಒಟ್ಟು ಸಾಧನೆ, ಎಲ್ಲವೂ ಒಂದೇ ಕಡೆ ಇದ್ದವು. ಒಟ್ಟು 407 ಕಾರ್ಡುಗಳು. ಮೊದಲ ಸಂಖ್ಯೆ ಆಂಡಿ ಪಾಫ್ಕೊ ಅವರದು. ಮಕ್ಕಳು ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದುದರಿಂದ ಮೇಲಿನ ಕಾರ್ಡು ಸವೆದು, ಪಾಫ್ಕೊ ಕಾರ್ಡು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದೇ ಅಪರೂಪವಾಯಿತು.

ಸರಣಿಯ ಕೊನೆಯ ಕಂತು ಆ ವರ್ಷದ ಆಟದ ಕಾಲ ಮುಗಿಯುತ್ತ ಬಂದಾಗ ಅಂಗಡಿ ತಲುಪಿತು, ಮಾರಾಟವಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದದ್ದನ್ನು ಬರ್ಜರ್ ಅವರೇ ಹೇಳಿಕೊಂಡಿದ್ದಾರೆ. ಹಾಗೆ ಸುರಿದ ಕಂತಿನಲ್ಲೇ ಇದ್ದ ಮಿಕಿ ಮ್ಯಾಂಟಲ್ ಅವರ 311ನೆಯ ಸಂಖ್ಯೆಯ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು.

ಈ ಬರಹಗಳನ್ನು ನಂಬಬಹುದೇ?

ಹೆಸರು, ಊರು, ಅಂಕಿಗಳ ಮಟ್ಟಿಗೆ ಬಹುತೇಕ ನಂಬಬಹುದು. ಆದರೆ ಕಾರ್ಡು ಕೂಡ ಮಾರಾಟದ ಸರಕು ಎಂಬುದನ್ನು ಮರೆಯಬಾರದು. ಆಟಗಾರನ ಒಪ್ಪಿಗೆಯಿಲ್ಲದೆ ಕಾರ್ಡು ಬರುವಂತಿಲ್ಲ, ಓದುವವರು ಮಕ್ಕಳು, ಜಾಗ ಅಂಗೈಯಷ್ಟೂ ಇಲ್ಲ. ಹಾಗಾಗಿ ಸೋಲು, ಜಗಳ, ಸಂಬಳದ ತಕರಾರು, ಕುಡಿತ ಇತ್ಯಾದಿಗಳಿಗೆ ಅಲ್ಲಿ ಎಡೆಯಿರಲಿಲ್ಲ. ಫಾರ್ಮ್ ಕಳೆದುಕೊಂಡವನ ಬಗ್ಗೆಯೂ ಮುಂದಿನ ವರ್ಷ ಚೆನ್ನಾಗಿ ಆಡುವ ಭರವಸೆಯ ಮಾತೇ ಇರುತ್ತಿತ್ತು.

ಆದರೂ ಆ ಬರಹಗಳಲ್ಲಿ ಬರೆದವರು ಉದ್ದೇಶಿಸದೆಯೇ ಹೊರಬಿದ್ದ ಒಂದು ಸತ್ಯವಿದೆ. ಹಳೆಯ ಟಾಪ್ಸ್ ಕಾರ್ಡುಗಳ ಹಿಂಬದಿಯಲ್ಲಿ ಆಟಗಾರರು ಚಳಿಗಾಲದಲ್ಲಿ ಮಾಡುವ ಕೆಲಸದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರಿಚಿ ಹೆಬ್ನರ್ ಆಟವಿಲ್ಲದ ತಿಂಗಳುಗಳಲ್ಲಿ ಸಮಾಧಿಗಳಿಗೆ ಗುಂಡಿ ತೋಡುತ್ತಿದ್ದರು, ಅವರ ಕಾರ್ಡಿನ ಹಿಂಬದಿ ಅದನ್ನು ಮುಚ್ಚಿಡಲಿಲ್ಲ. ಮಕ್ಕಳಿಗೆ ಅದೊಂದು ತಮಾಷೆಯ ಸಂಗತಿಯಾಗಿ ಕಂಡಿರಬಹುದು. ಇಂದು ಓದುವ ನಮಗೆ, ದೇಶದ ಅತ್ಯುನ್ನತ ಲೀಗಿನಲ್ಲಿ ಆಡುವವನೂ ಆರು ತಿಂಗಳು ಬೇರೆ ದುಡಿಮೆ ಮಾಡಬೇಕಿದ್ದ ಕಾಲ ಅದು ಎಂದು ತಿಳಿಯುತ್ತದೆ.

ಕ್ರಿಕೆಟ್ ಬಲ್ಲವರು ಬೇಸ್‌ಬಾಲ್ ಕಾರ್ಡಿನ ಅಂಕಿಗಳನ್ನು ಓದುವುದು ಹೇಗೆ?

ಬ್ಯಾಟಿಂಗ್ ಸರಾಸರಿ ಎಂಬುದು ನಮ್ಮ ಲೆಕ್ಕದಂತೆ ಒಮ್ಮೆ ಔಟಾಗುವಷ್ಟರಲ್ಲಿ ಗಳಿಸಿದ ಓಟಗಳ ಸಂಖ್ಯೆ ಅಲ್ಲ. ಬ್ಯಾಟ್ ಮಾಡಲು ನಿಂತ ಸರದಿಗಳಲ್ಲಿ ಎಷ್ಟು ಪಾಲು ಸಲ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ, ಅಂದರೆ ಹಿಟ್ ಪಡೆದ, ಎಂಬುದನ್ನು ಅದು ಹೇಳುತ್ತದೆ; .300 ಎಂದರೆ ಹತ್ತಕ್ಕೆ ಮೂರು ಸಲ, ಮತ್ತು ಅದು ಬಹಳ ಒಳ್ಳೆಯ ಸಾಧನೆ. ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಕಾರ್ಡಿನಲ್ಲಿ ಕಾಣುವ ಸರಾಸರಿ ಒಂಬತ್ತು ಇನಿಂಗ್ಸಿಗೆ ಎಷ್ಟು ಓಟ ಬಿಟ್ಟುಕೊಟ್ಟ ಎಂಬ ಲೆಕ್ಕ, ಕಡಿಮೆಯಿದ್ದಷ್ಟೂ ಒಳ್ಳೆಯದು. ಪಟ್ಟಿಯಲ್ಲಿ ವರ್ಷಗಳು ಬಿಟ್ಟುಹೋಗಿದ್ದರೆ ಅಲ್ಲಿ ನಿಂತು ನೋಡಬೇಕು. 1940ರ ದಶಕದ ಆರಂಭದ ವರ್ಷಗಳು ಖಾಲಿಯಿದ್ದರೆ ಬಹುಮಟ್ಟಿಗೆ ಆತ ಸೈನ್ಯದಲ್ಲಿದ್ದ ಎಂದೇ ಅರ್ಥ.

ಒಂದೇ ಒಂದು ಕಾರ್ಡನ್ನು ಉದಾಹರಣೆಯಾಗಿ ಓದಿ ತೋರಿಸಬಹುದೇ?

ರೊಬೆರ್ಟೊ ಕ್ಲೆಮೆಂಟೆ ಅವರ ಕಾರ್ಡುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟು ಓದುವಂತೆ ನಾನು ಯಾವಾಗಲೂ ಹೇಳುತ್ತೇನೆ. ಕ್ಲೆಮೆಂಟೆ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬ ಊರಿನಲ್ಲಿ 1934ರಲ್ಲಿ ಹುಟ್ಟಿದವರು. ಕಪ್ಪು ವರ್ಣದವರು, ಮನೆಮಾತು ಸ್ಪ್ಯಾನಿಷ್. 1955ರಿಂದ 1972ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದರು. 1955 ಮತ್ತು 1956ರ ಟಾಪ್ಸ್ ಕಾರ್ಡುಗಳಲ್ಲಿ ಅವರ ಹೆಸರು ರೊಬೆರ್ಟೊ ಎಂದೇ ಇದೆ. 1957ರ ಕಾರ್ಡಿನಲ್ಲಿ ಅದು ‘ಬಾಬ್ ಕ್ಲೆಮೆಂಟೆ’ ಆಗುತ್ತದೆ ಮತ್ತು 1969ರವರೆಗೂ ಹಾಗೆಯೇ ಉಳಿಯುತ್ತದೆ.

ಅವರನ್ನು ಬಾಬ್ ಎಂದು ಕರೆದದ್ದು ಆ ಕಾಲದ ಪತ್ರಕರ್ತರು ಮತ್ತು ವೀಕ್ಷಕ ವಿವರಣೆಗಾರರು. ಕ್ಲೆಮೆಂಟೆಗೆ ಅದು ಇಷ್ಟವಿರಲಿಲ್ಲ. ತಾಯಿ ತಂದೆ ಇಟ್ಟ ಹೆಸರಿನಿಂದಲೇ ಕರೆಯಿರಿ ಎಂಬುದು ಅವರ ನಿಲುವಾಗಿತ್ತು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಪತ್ರಿಕೆಗಳು ಅಣಕಿಸುವಂತೆ ಅಚ್ಚು ಹಾಕುತ್ತಿದ್ದ ದಿನಗಳವು. ಒಬ್ಬ ಮನುಷ್ಯ ಲೀಗಿನ ಶ್ರೇಷ್ಠ ಬ್ಯಾಟರ್‌ಗಳಲ್ಲಿ ಒಬ್ಬನಾಗಿ ಬೆಳೆಯುತ್ತಿರುವುದನ್ನು ಕಾರ್ಡಿನ ಹಿಂಬದಿಯ ಅಂಕಿಗಳು ವರ್ಷ ವರ್ಷವೂ ದಾಖಲಿಸುತ್ತಿದ್ದರೆ, ಮುಂಬದಿ ಅವನ ಸ್ವಂತ ಹೆಸರನ್ನು ಹದಿಮೂರು ವರ್ಷ ಕೊಡಲಿಲ್ಲ. 1970ರಲ್ಲಿ ‘ರೊಬೆರ್ಟೊ’ ಮರಳಿ ಬಂದಿತು.

1972ರ ಸೆಪ್ಟೆಂಬರ್ 30ರಂದು ಅವರು ತಮ್ಮ 3,000ನೆಯ ಹಿಟ್ ಹೊಡೆದರು. ಆ ಡಿಸೆಂಬರಿನಲ್ಲಿ ನಿಕರಾಗುವದ ರಾಜಧಾನಿ ಮನಾಗುವ ಭೂಕಂಪಕ್ಕೆ ತುತ್ತಾಯಿತು. ಕಳುಹಿಸಿದ ಪರಿಹಾರ ಸಾಮಗ್ರಿ ಸಂತ್ರಸ್ತರ ಕೈ ಸೇರುತ್ತಿಲ್ಲವೆಂದು ತಿಳಿದ ಕ್ಲೆಮೆಂಟೆ, ಡಿಸೆಂಬರ್ 31ರಂದು ತಾವೇ ಸಾಮಗ್ರಿ ತುಂಬಿದ ವಿಮಾನ ಹತ್ತಿದರು. ಅದು ಸ್ಯಾನ್ ಹುವಾನ್‌ನಿಂದ ಮೇಲೇರಿದ ಕೆಲವೇ ಹೊತ್ತಿಗೆ ಸಮುದ್ರಕ್ಕೆ ಬಿದ್ದಿತು. ಅವರಿಗೆ ಆಗ 38 ವರ್ಷ.

ಟಾಪ್ಸ್‌ನ 1973ರ ಸರಣಿಯಲ್ಲಿ ಅವರ ಕಾರ್ಡು 50ನೆಯ ಸಂಖ್ಯೆಯದು. ಅದು ಎಲ್ಲ ಆಟಗಾರರ ಕಾರ್ಡಿನಂತೆಯೇ ಇದೆ. ಕಪ್ಪು ಅಂಚಿಲ್ಲ, ಶ್ರದ್ಧಾಂಜಲಿಯ ಮಾತಿಲ್ಲ. ಹಿಂಬದಿಯಲ್ಲಿ 1955ರಿಂದ ಒಂದರ ಕೆಳಗೊಂದು ಇಳಿದು ಬರುವ ಸಾಲುಗಳ ಕೊನೆಯಲ್ಲಿ, ಒಟ್ಟು ಹಿಟ್‌ಗಳ ಕೆಳಗೆ 3000 ಎಂದಿದೆ. ಸಕ್ರಿಯ ಆಟಗಾರರ ಕಾರ್ಡುಗಳಲ್ಲಿ ಇಷ್ಟು ದುಂಡು ಸಂಖ್ಯೆ ಮುದ್ರಣವಾಗುವುದೇ ವಿರಳ, ಏಕೆಂದರೆ ಮುಂದಿನ ವರ್ಷ ಅದು ಬದಲಾಗಬೇಕು. ಇಲ್ಲಿ ಅದು ಬದಲಾಗಲಿಲ್ಲ.

ದುಃಖದ ಸಂಗತಿಗಳನ್ನು ನೇರವಾಗಿ ಹೇಳಿದ ಕಾರ್ಡುಗಳೂ ಇವೆಯೇ?

ಇವೆ, ಆದರೆ ಕೆಲವೇ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವ) ರಾಯ್ ಕ್ಯಾಂಪನೆಲ್ಲಾ 1958ರ ಜನವರಿಯಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಪಾರ್ಶ್ವವಾಯುವಿಗೆ ಒಳಗಾದರು. ಮತ್ತೆ ಆಡುವ ಮಾತೇ ಇರಲಿಲ್ಲ. ಆದರೂ ಟಾಪ್ಸ್ 1959ರ ಸರಣಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಅವರ ಚಿತ್ರದೊಂದಿಗೆ ‘ಧೈರ್ಯದ ಪ್ರತೀಕ’ ಎಂಬ ಶೀರ್ಷಿಕೆಯ ಕಾರ್ಡನ್ನು ತಂದಿತು. ಶಿಕಾಗೊ ಕಬ್ಸ್ ತಂಡದ ಕೆನ್ ಹಬ್ಸ್ 1962ರ ವರ್ಷದ ಶ್ರೇಷ್ಠ ಹೊಸಬ ಎನಿಸಿದ್ದರು. ವಿಮಾನ ಪ್ರಯಾಣದ ಭಯವನ್ನು ಗೆಲ್ಲಲೆಂದೇ ವಿಮಾನ ಹಾರಿಸುವುದನ್ನು ಕಲಿತರು. 1964ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದಲ್ಲಿ ತಮ್ಮ ಪುಟ್ಟ ವಿಮಾನ ಬಿದ್ದು 22ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷ ಅವರ ಹೆಸರಿನಲ್ಲಿ ಸ್ಮರಣೆಯ ಕಾರ್ಡು ಬಂತು. ಈ ಎರಡು ಕಾರ್ಡುಗಳ ಸಂಖ್ಯೆಯೂ ಆಯಾ ಸರಣಿಯಲ್ಲಿ 550 ಆಗಿರುವುದು ಕಾಕತಾಳೀಯ.

ಕಪ್ಪು ವರ್ಣದ ಆಟಗಾರರ ಹಳೆಯ ಕಾರ್ಡುಗಳು ಏಕೆ ಸಿಗುವುದಿಲ್ಲ?

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕೆ ಇಳಿಯುವವರೆಗೆ ಇಪ್ಪತ್ತನೆಯ ಶತಮಾನದ ಮೇಜರ್ ಲೀಗ್‌ಗಳಲ್ಲಿ ಕಪ್ಪು ವರ್ಣದವರಿಗೆ ಅವಕಾಶವೇ ಇರಲಿಲ್ಲ. ಅವರು ಪ್ರತ್ಯೇಕವಾದ ನೀಗ್ರೊ ಲೀಗ್‌ಗಳಲ್ಲಿ ಆಡುತ್ತಿದ್ದರು, ಅಮೆರಿಕದ ಗಮ್ ಕಂಪನಿಗಳು ಆ ಲೀಗ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. 1933ರ ಗೌಡಿ ಸರಣಿಯ 240 ಕಾರ್ಡುಗಳನ್ನು ಎಷ್ಟು ತಿರುವಿಹಾಕಿದರೂ ಆ ಕಾಲದ ಅತ್ಯಂತ ಬಲಶಾಲಿ ಹೊಡೆತಗಾರರಲ್ಲಿ ಒಬ್ಬರಾದ ಜಾಶ್ ಗಿಬ್ಸನ್ ಸಿಗುವುದಿಲ್ಲ. ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್ಸನ್ ಮೈದಾನಕ್ಕಿಳಿಯುವ ಮೂರು ತಿಂಗಳು ಮೊದಲು ತೀರಿಕೊಂಡರು. ಅವರ ಹೆಸರಾಂತ ಕಾರ್ಡು ಬಂದದ್ದು ಅವರು ಹೋದ ಮೇಲೆ, ಅದೂ ಪೋರ್ಟೊ ರಿಕೊದ ಟೊಲೆಟೆರೊಸ್ ಎಂಬ 1950–51ರ ಸರಣಿಯಲ್ಲಿ. ನೀಗ್ರೊ ಲೀಗ್‌ಗಳ ಹೆಸರಾಂತ ಪಿಚರ್ ಸ್ಯಾಚೆಲ್ ಪೇಜ್ 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸೇರಿದಾಗ ಅವರಿಗೆ 42 ವರ್ಷ; ಗಮ್ ಕಂಪನಿಗಳ ಪಾಲಿಗೆ ಅವರು ಆಗಷ್ಟೇ ಬಂದ ಹೊಸಬ.

ರಾಬಿನ್ಸನ್ ಬಂದ ವರ್ಷವೇ ಬಾಂಡ್ ಬ್ರೆಡ್ ಎಂಬ ಬ್ರೆಡ್ ಕಂಪನಿ ಅವರೊಬ್ಬರದೇ 13 ಕಾರ್ಡುಗಳ ಸರಣಿಯನ್ನು ತಂದದ್ದು ಗಮನಾರ್ಹ. ಒಂದು ಸರಣಿಯನ್ನು ಓದುವಾಗ ಅದರಲ್ಲಿ ಯಾರಿದ್ದಾರೆ ಎಂಬುದರಷ್ಟೇ ಗಂಭೀರವಾಗಿ ಯಾರಿಲ್ಲ ಎಂಬುದನ್ನೂ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕಾರ್ಡಿಗೆ ಗೊತ್ತೇ ಇರದ ಕಥೆಗಳು?

ಮೋ ಬರ್ಗ್ ಅವರದು ಅಂಥದ್ದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದಿ, ಹಲವು ಭಾಷೆ ಕಲಿತ ಈ ಕ್ಯಾಚರ್ ಮೈದಾನದಲ್ಲಿ ಸಾಧಾರಣ ಆಟಗಾರ. 1933ರ ಗೌಡಿ ಸರಣಿಯಲ್ಲಿ 158ನೆಯ ಸಂಖ್ಯೆಯ ಕಾರ್ಡು ಅವರದು. ಎರಡನೆಯ ಮಹಾಯುದ್ಧದಲ್ಲಿ ಅವರು ಅಮೆರಿಕದ ಗೂಢಚರ ಸಂಸ್ಥೆ ಸೇರಿದರು. ಜರ್ಮನಿಯ ಅಣುಬಾಂಬ್ ಯೋಜನೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು 1944ರ ಡಿಸೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಭೌತವಿಜ್ಞಾನಿ ವರ್ನರ್ ಹೈಸನ್‌ಬರ್ಗ್ ಅವರ ಉಪನ್ಯಾಸಕ್ಕೆ ಪಿಸ್ತೂಲು ಇಟ್ಟುಕೊಂಡು ಹೋಗಿ ಕುಳಿತರು. ಅಗತ್ಯ ಕಂಡರೆ ಕೊಲ್ಲುವ ಆದೇಶವಿತ್ತು, ಅಗತ್ಯ ಕಾಣಲಿಲ್ಲ. ಅವರ ಕಾರ್ಡು ಈಗ ಸಿಐಎ ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಕ್ಕಿದೆ.

ತಪ್ಪು ಮುದ್ರಣವಾದ ಕಾರ್ಡುಗಳ ವಿಷಯ ಏನು?

ಟಾಪ್ಸ್‌ನ 1957ರ ಸರಣಿಯಲ್ಲಿ ಹ್ಯಾಂಕ್ ಆರನ್ ಎಡಗೈ ಬ್ಯಾಟರ್‌ನಂತೆ ಕಾಣುತ್ತಾರೆ. ಅವರು ಬಲಗೈಯವರು, ನೆಗೆಟಿವ್ ತಿರುಗುಮುರುಗಾಗಿ ಮುದ್ರಣವಾಗಿದೆ, ಅಂಗಿಯ ಮೇಲಿನ 44 ಕೂಡ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದೆ. 1969ರಲ್ಲಿ ಆರೇಲಿಯೊ ರೊಡ್ರಿಗೆಸ್ ಅವರ ಕಾರ್ಡಿನಲ್ಲಿ ಅಚ್ಚಾದದ್ದು ತಂಡದ ಬ್ಯಾಟುಗಳನ್ನು ನೋಡಿಕೊಳ್ಳುವ ಹುಡುಗನ ಫೋಟೊ. 1974ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೇಸ್ ತಂಡ ವಾಷಿಂಗ್ಟನ್‌ಗೆ ಹೋಗುವುದು ಖಚಿತವೆಂದು ಭಾವಿಸಿ ಕೆಲವು ಕಾರ್ಡುಗಳಲ್ಲಿ ಊರಿನ ಹೆಸರನ್ನೇ ಬದಲಿಸಿದರು; ತಂಡ ಊರು ಬಿಡಲಿಲ್ಲ.

ಬೇಕೆಂದೇ ಮಾಡಿದ ಲೋಪವೂ ಒಂದಿದೆ. ಗೌಡಿಯ 1933ರ ಸರಣಿಯಲ್ಲಿ 106ನೆಯ ಕಾರ್ಡನ್ನು ಕಂಪನಿ ಮುದ್ರಿಸಲೇ ಇಲ್ಲ. ಅದು ಸಿಗಲೆಂದು ಮಕ್ಕಳು ಗಮ್ ಕೊಳ್ಳುತ್ತಲೇ ಇದ್ದರು. ಪತ್ರ ಬರೆದು ದೂರಿದವರಿಗೆ ಮಾತ್ರ 1934ರಲ್ಲಿ ನ್ಯಾಪ್ ಲಾಜೊವೇ ಅವರ ಕಾರ್ಡನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಮಕ್ಕಳ ಪುಡಿಕಾಸಿನ ಮೇಲೆ ಕಣ್ಣಿಟ್ಟ ಈ ವ್ಯಾಪಾರವನ್ನು ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಹೋನಸ್ ವ್ಯಾಗ್ನರ್ ತಂಬಾಕನ್ನು ವಿರೋಧಿಸಿ ತಮ್ಮ ಕಾರ್ಡನ್ನು ನಿಲ್ಲಿಸಿದರು ಎಂಬುದು ನಿಜವೇ?

ಟಿ-206 ಸರಣಿಯ, ಬೇಸ್‌ಬಾಲ್ ಆಟಗಾರ ವ್ಯಾಗ್ನರ್ ಅವರ ಕಾರ್ಡು ಇಂದು ಉಳಿದಿರುವುದು ಸುಮಾರು 60ರಷ್ಟು ಮಾತ್ರ. 2022ರಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಮಕ್ಕಳು ತಮ್ಮ ಚಿತ್ರದ ಆಸೆಗೆ ಸಿಗರೇಟು ಕೊಳ್ಳಬಾರದೆಂದು ವ್ಯಾಗ್ನರ್ ಒಪ್ಪಿಗೆ ನಿರಾಕರಿಸಿದರೆಂಬುದು ಪ್ರಚಲಿತ ಕಥೆ. ಇದನ್ನು ಅನುಮಾನಿಸುವವರು, ಅವರು ಸ್ವತಃ ತಂಬಾಕು ಅಗಿಯುತ್ತಿದ್ದರು, ಅವರ ಚಿತ್ರ ಸಿಗಾರ್ ಪೆಟ್ಟಿಗೆಯ ಮೇಲೂ ಇತ್ತು, ಹಣದ ವಿಷಯದಲ್ಲೇ ತಕರಾರಾಗಿರಬೇಕು ಎನ್ನುತ್ತಾರೆ.

‘ದಿ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ 1912ರ ಅಕ್ಟೋಬರಿನಲ್ಲಿ ಬರೆದದ್ದು ಹೀಗಿದೆ: ವ್ಯಾಗ್ನರ್ ಅವರ ಒಪ್ಪಿಗೆ ಪಡೆದುಕೊಟ್ಟರೆ ಪರಿಚಿತ ಪತ್ರಕರ್ತರೊಬ್ಬರಿಗೆ ಹತ್ತು ಡಾಲರ್ ಕೊಡುವುದಾಗಿ ತಂಬಾಕು ಕಂಪನಿ ಹೇಳಿತ್ತು, ವ್ಯಾಗ್ನರ್ ಒಪ್ಪಲಿಲ್ಲ, ಆದರೆ ತಮ್ಮಿಂದ ಆ ಪತ್ರಕರ್ತರಿಗೆ ನಷ್ಟವಾಗಬಾರದೆಂದು ಹತ್ತು ಡಾಲರಿನ ಚೆಕ್ಕನ್ನು ತಾವೇ ಕಳುಹಿಸಿದರು. ಕೈಯಿಂದ ಹಣ ಕೊಟ್ಟು ನಿರಾಕರಿಸಿದವರನ್ನು ಹಣಕ್ಕಾಗಿ ನಿರಾಕರಿಸಿದರೆನ್ನುವುದು ಕಷ್ಟ. ತಂಬಾಕು ಅಗಿಯುವ ಮನುಷ್ಯನಿಗೂ ಮಕ್ಕಳ ಕೈಗೆ ಸಿಗರೇಟು ಸಿಗುವುದು ಬೇಡವೆನ್ನಿಸಿರಬಹುದು. ಇವೆರಡರಲ್ಲಿ ನನಗೆ ವಿರೋಧ ಕಾಣುವುದಿಲ್ಲ.

ಇದೇ ವ್ಯಾಗ್ನರ್ ಕಾರ್ಡಿನ ಅತಿ ಪ್ರಸಿದ್ಧ ಪ್ರತಿಗೆ ಅದರದೇ ಇನ್ನೊಂದು ಕಥೆಯಿದೆ. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವರ ತಂಡದ ಮಾಲೀಕ ಬ್ರೂಸ್ ಮೆಕ್ನಾಲ್ 1991ರಲ್ಲಿ ಅದನ್ನು 4,51,000 ಡಾಲರಿಗೆ ಕೊಂಡರು, ಕಾರ್ಡುಗಳ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆ ಪಿಎಸ್‌ಎ ಅದಕ್ಕೆ ಹತ್ತರಲ್ಲಿ ಎಂಟು ಅಂಕ ಕೊಟ್ಟಿತು. ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ, ಅಂಚುಗಳು ಹೊಸದರಂತೆ ಕಾಣಲೆಂದು ಕಾರ್ಡನ್ನು ಕತ್ತರಿಸಿದ್ದನ್ನು 2013ರಲ್ಲಿ ನ್ಯಾಯಾಲಯದ ಪ್ರಕರಣದಲ್ಲಿ ಒಪ್ಪಿಕೊಂಡರು.

ಟಿ-205, ಟಿ-206 ಎಂಬ ಹೆಸರುಗಳು ಎಲ್ಲಿಂದ ಬಂದವು?

ಜೆಫರ್ಸನ್ ಬರ್ಡಿಕ್ ಎಂಬವರಿಂದ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣಗಳ ಬಿಡಿಭಾಗ ಜೋಡಿಸುವ ಕೆಲಸ ಅವರದು. ಮದುವೆಯಾಗಲಿಲ್ಲ. ಸಂಧಿವಾತದಿಂದ ಬೆರಳುಗಳು ದಿನೇ ದಿನೇ ಸೆಟೆದುಕೊಳ್ಳುತ್ತಿದ್ದವು. ಜನ ಎಸೆಯುವ ಕಾರ್ಡುಗಳನ್ನು ಒಂದು ಶಿಸ್ತಿನಲ್ಲಿ ವರ್ಗೀಕರಿಸಬೇಕೆಂದು ಹೊರಟು, 1939ರಲ್ಲಿ ಮೊದಲ ಸೂಚಿಯನ್ನು ಪ್ರಕಟಿಸಿದರು. ಹತ್ತೊಂಬತ್ತನೆಯ ಶತಮಾನದ ತಂಬಾಕು ಕಾರ್ಡಿಗೆ ‘ಎನ್’, ಇಪ್ಪತ್ತನೆಯ ಶತಮಾನದವುಗಳಿಗೆ ‘ಟಿ’, ಹಳೆಯ ಮಿಠಾಯಿ ಕಾರ್ಡುಗಳಿಗೆ ‘ಇ’, ಅನಂತರದ ಗಮ್ ಕಾರ್ಡುಗಳಿಗೆ ‘ಆರ್’ ಎಂದು ಅವರು ಕೊಟ್ಟ ಗುರುತುಗಳೇ ಇಂದಿಗೂ ಚಾಲ್ತಿಯಲ್ಲಿವೆ.

ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಕಾರ್ಡು, ಚೀಟಿಗಳ ತಮ್ಮ ಸಂಗ್ರಹವನ್ನು ಬರ್ಡಿಕ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಸುಮಾರು 30,000. ಕೊಟ್ಟು ಸುಮ್ಮನಾಗಲಿಲ್ಲ. ಸಂಗ್ರಹಾಲಯದ ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತು, ಬಗ್ಗದ ಬೆರಳುಗಳಿಂದ ಒಂದೊಂದೇ ಕಾರ್ಡನ್ನು ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೊನೆಯ ಕಾರ್ಡನ್ನು ಅಂಟಿಸಿ ಎದ್ದರು, ಎರಡು ತಿಂಗಳಲ್ಲಿ ತೀರಿಕೊಂಡರು. ಒಂದು ಕಾಸು ಲಾಭ ಪಡೆಯದೆ ಈ ಕೆಲಸ ಮಾಡಿದ ಬರ್ಡಿಕ್ ಅವರನ್ನು, ಕಾರ್ಡು ಹಿಡಿದ ಪ್ರತಿಯೊಬ್ಬರೂ ನೆನೆಯಬೇಕು.

ಭಾರತದಲ್ಲಿ ಇಂಥ ಕಾರ್ಡುಗಳಿದ್ದವೇ?

ರಣಜಿತ್‌ಸಿಂಹಜಿ ಮತ್ತು ದುಲೀಪ್‌ಸಿಂಹಜಿ ಇಂಗ್ಲೆಂಡಿನ ಸಿಗರೇಟು ಕಾರ್ಡುಗಳಲ್ಲಿ ಆ ದೇಶದ ಆಟಗಾರರಾಗಿಯೇ ಕಾಣಿಸಿಕೊಂಡರು. ನಮ್ಮ ಬೀದಿಯ ಪೆಟ್ಟಿಗೆ ಅಂಗಡಿಗಳಿಗೆ ಇದರ ಸಮೀಪದ್ದು ಬಂದದ್ದು 1980ರ ದಶಕದ ಕೊನೆಯಲ್ಲಿ, ಬಿಗ್ ಫನ್ ಬಬಲ್ ಗಮ್ ಜೊತೆಗೆ ಸಿಗುತ್ತಿದ್ದ ಕ್ರಿಕೆಟಿಗರ ಚಿತ್ರಗಳ ರೂಪದಲ್ಲಿ. ಅವುಗಳ ಮೇಲಿನ ರನ್ನು, ವಿಕೆಟ್ಟುಗಳನ್ನು ಕೂಡಿಸಿ ಬಹುಮಾನ ಪಡೆಯುವ ಸಡಗರ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಆಗ ಬೆಳೆದವರಿಗೆ ನೆನಪಿರುತ್ತದೆ. 1990ರ ದಶಕದಲ್ಲಿ ಟ್ರಂಪ್ ಕಾರ್ಡುಗಳು ಮನೆ ಮನೆಗೂ ಬಂದವು. ಟಾಪ್ಸ್ ಕಂಪನಿಯೇ ಐಪಿಎಲ್ ಆಟಗಾರರ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳನ್ನು ಅನಂತರ ಮಾರಿತು.

ನಮ್ಮ ಟ್ರಂಪ್ ಕಾರ್ಡುಗಳ ಕೊರತೆಯೆಂದರೆ, ಅವುಗಳಲ್ಲಿ ಅಂಕಿಗಳಿದ್ದವು, ಬರಹವಿರಲಿಲ್ಲ. ಯಾರ ಸಂಖ್ಯೆ ದೊಡ್ಡದೋ ಅವರು ಗೆಲ್ಲುತ್ತಿದ್ದರು. ಅಂಥ ಆಟದಲ್ಲಿ ಬಿ.ಎಸ್. ಚಂದ್ರಶೇಖರ್ ಅವರ 58 ಟೆಸ್ಟ್, 242 ವಿಕೆಟ್, 167 ರನ್ ಎಂಬ ಅಂಕಿಗಳಿಟ್ಟರೆ ರನ್ನಿನ ಸಾಲಿನಲ್ಲಿ ಅವರು ಎಲ್ಲರಿಗೂ ಸೋಲುತ್ತಾರೆ. ಬಾಲ್ಯದಲ್ಲಿ ಪೋಲಿಯೊ ತಗಲಿ ಸಣಕಲಾದ ಅದೇ ಬಲಗೈಯಿಂದ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರಕಲು ಕಾರಣರಾದರು ಎಂಬ ಎರಡು ಸಾಲಿಗೆ ಅಲ್ಲಿ ಜಾಗವೇ ಇಲ್ಲ. ಅನಿಲ್ ಕುಂಬ್ಳೆ ಅವರ ಶ್ರೇಷ್ಠ ಬೌಲಿಂಗ್ ಎಂದು 1999ರ ದೆಹಲಿಯ 10/74 ಎಂದೆಂದಿಗೂ ದಾಖಲಾಗಿರುತ್ತದೆ. 2002ರಲ್ಲಿ ಆಂಟಿಗುವದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ ದಿನ ಯಾವ ಅಂಕಿಯ ಸಾಲಿಗೂ ಹತ್ತುವುದಿಲ್ಲ. ಕನ್ನಡದಲ್ಲಿ ನಾಲ್ಕು ಸಾಲಿನ ಬರಹವಿರುವ ನಮ್ಮ ಆಟಗಾರರ ಕಾರ್ಡುಗಳನ್ನು ಯಾರಾದರೂ ತರಬೇಕೆಂಬುದು ನನ್ನ ಬಹುದಿನದ ಆಸೆ.

ಕಥೆಗಳಿಗಾಗಿಯೇ ಸಂಗ್ರಹ ಶುರುಮಾಡುವವರು ಯಾವುದನ್ನು ಕೊಳ್ಳಬೇಕು?

ದುಬಾರಿ ಕಾರ್ಡುಗಳ ಗೊಡವೆಯೇ ಬೇಡ. ಅಂಚು ಸವೆದ, ಮೂಲೆ ಮುದುಡಿದ ಕಾರ್ಡಿನ ಹಿಂಬದಿಯ ಅಕ್ಷರಗಳು ಹೊಸದರಷ್ಟೇ ಚೆನ್ನಾಗಿ ಓದಲು ಬರುತ್ತವೆ, ಬೆಲೆ ಮಾತ್ರ ಬಹಳ ಕಡಿಮೆ. 1930ರ ದಶಕದ ಪ್ಲೇಯರ್ ಕಂಪನಿಯ ಕ್ರಿಕೆಟಿಗರ ಕಾರ್ಡುಗಳು ಅಪಾರ ಸಂಖ್ಯೆಯಲ್ಲಿ ಮುದ್ರಣವಾದುದರಿಂದ ಇಂದಿಗೂ ಸುಲಭ ಬೆಲೆಗೆ ಸಿಗುತ್ತವೆ, ಮತ್ತು ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಅವೇ ಒಳ್ಳೆಯ ಆರಂಭ. ಆಲ್ಬಮ್ಮಿಗೆ ಅಂಟಿಸಿದ್ದನ್ನು ಕೊಳ್ಳುವುದಾದರೆ ಕೀಳಲು ಹೋಗಬೇಡಿ. ಬರಹ ಆಲ್ಬಮ್ಮಿನ ಪುಟದಲ್ಲೇ ಇದೆ. ದೂರದ ಮಾರಾಟಗಾರರಿಂದ ತರಿಸುವಾಗ ಎರಡೂ ಬದಿಯ ಫೋಟೊ ಕೇಳಿ. ಗಮ್‌ನ ಕಲೆಯಾಗಲಿ, ಯಾವುದೋ ಮಗು ಪೆನ್ಸಿಲಿನಲ್ಲಿ ಗೀಚಿದ್ದಾಗಲಿ ಇದ್ದರೆ ಬೆಲೆ ಇಳಿಯುತ್ತದೆ, ಓದುವವರಿಗೆ ಅದರಿಂದ ತೊಂದರೆಯಿಲ್ಲ.

1952ರ ಟಾಪ್ಸ್ ಬರಹಗಳನ್ನು ಓದಬೇಕೆನ್ನುವವರಿಗೆ ಆ ಕಂಪನಿಯೇ 1983ರಲ್ಲಿ ತಂದ ಮರುಮುದ್ರಣದ ಸರಣಿ ಇದೆ. ಕೆಲವರ ಒಪ್ಪಿಗೆ ದೊರೆಯದ ಕಾರಣ ಅದರಲ್ಲಿ 407ರ ಬದಲು 402 ಕಾರ್ಡುಗಳಿವೆ. ಹಿಂಬದಿಯಲ್ಲಿ ಮರುಮುದ್ರಣ ಎಂದು ಸ್ಪಷ್ಟವಾಗಿ ನಮೂದಿಸಲಾಗಿದೆ. ಆ ನಮೂದು ಇಲ್ಲದ, ಆದರೆ ನುಣುಪಾದ ಹೊಸ ರಟ್ಟಿನ ಮೇಲೆ ಅಚ್ಚಾದ 1952ರ ಕಾರ್ಡನ್ನು ಯಾರಾದರೂ ಅಸಲಿಯೆಂದು ಮಾರಲು ಬಂದರೆ ಕೊಳ್ಳಬೇಡಿ.